ಟೆಂಪ್ಲರರ ನಿಧಿಯನ್ನು ಯಾರು ಕೊಂಡೊಯ್ದರು?

(ಓದುಗರ ಬಳಗವೊಂದರ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರೊಬ್ಬರ ಪ್ರಶ್ನೆಗೆ ಕೊಟ್ಟ ಉತ್ತರವನ್ನೂ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

1307ರ ಅಕ್ಟೋಬರ್ 13, ಶುಕ್ರವಾರ. ಫ್ರಾನ್ಸಿನ ನಾರ್ಮಂಡಿ ಪ್ರಾಂತದ ಬೋಜಿ ಎಂಬ ಊರಿನಲ್ಲಿ ಟೆಂಪ್ಲರ್ ಎಂಬ ಸನ್ಯಾಸಿ ಸೈನಿಕರ ಸಂಘದ ಒಂದು ಮನೆಯಿತ್ತು. ಅರಸನ ಅಧಿಕಾರಿಗಳು ಅಲ್ಲಿದ್ದವರನ್ನು ಬಂಧಿಸಿದರು. ಆಮೇಲೆ ಕೊಟ್ಟಿಗೆಯಲ್ಲಿ ಏನಿದೆ, ಕಣಜದಲ್ಲಿ ಎಷ್ಟಿದೆ ಎಂದು ಮಹಜರು ಬರೆಸಿದರು. ಆ ಮಹಜರು ಇಂದಿಗೂ ಉಳಿದಿದೆ. ಕರೆಯುವ ಹಸುಗಳು, ಕಡಸುಗಳು, ಎತ್ತು, ಹೋರಿ, ಕುರಿ, ಹಂದಿ, ಹೆಣ್ಣು ಕುದುರೆಗಳು, ಧಾನ್ಯ ಎಲ್ಲವೂ ಅದರಲ್ಲಿವೆ. ಇನ್ನೂ ತಾಯಿಯ ಹಾಲು ಕುಡಿಯುತ್ತಿದ್ದ ಒಂದು ಎಳೆಗರುವನ್ನೂ ಗುಮಾಸ್ತ ಬಿಟ್ಟಿಲ್ಲ. ಯುರೋಪಿನಲ್ಲೇ ಅತ್ಯಂತ ಶ್ರೀಮಂತರೆಂದು ಹೆಸರಾಗಿದ್ದ ಸನ್ಯಾಸಿಗಳ ಮನೆಯಲ್ಲಿ ಸಿಕ್ಕಿದ ಸೊತ್ತು ಇದು. ಒಬ್ಬ ಅನುಕೂಲವಂತ ಜಮೀನುದಾರನ ಮನೆಯಲ್ಲೂ ಇಷ್ಟೇ ಇರುತ್ತಿತ್ತು.

ಹಾಗಾದರೆ ಚಿನ್ನ ಎಲ್ಲಿ ಹೋಯಿತು? ಏಳುನೂರು ವರ್ಷಗಳಿಂದ ಈ ಪ್ರಶ್ನೆಯನ್ನು ಕೇಳುತ್ತಲೇ ಇದ್ದಾರೆ. ಹಡಗಿನಲ್ಲಿ ಹೋಯಿತು, ಸ್ಕಾಟ್ಲೆಂಡಿಗೆ ಹೋಯಿತು, ಕೆನಡಾದ ಒಂದು ದ್ವೀಪದಲ್ಲಿ ಹೂತಿದೆ ಎಂದು ಉತ್ತರಗಳೂ ಬೇಕಾದಷ್ಟಿವೆ. ಈ ಕಥೆಗಳಿಗಿಂತ ಅವರ ಲೆಕ್ಕಪತ್ರಗಳೇ ಹೆಚ್ಚು ರಂಜಕವಾಗಿವೆ ಎಂಬುದು ನನ್ನ ಅಭಿಪ್ರಾಯ. ಇವತ್ತು ಅವುಗಳ ಜಾಡು ಹಿಡಿದೇ ಹೋಗೋಣ.

ಮೊದಲು ಸಂಘದ ಹಿನ್ನೆಲೆಯನ್ನು ಚುಟುಕಾಗಿ ಹೇಳುತ್ತೇನೆ. ಮೊದಲ ಧರ್ಮಯುದ್ಧದಲ್ಲಿ (ಕ್ರುಸೇಡ್) ಜೆರುಸಲೇಮ್ ಮುಸ್ಲಿಮರಿಂದ ಕ್ರೈಸ್ತರ ಕೈಸೇರಿದ ಮೇಲೆ, ಯಾತ್ರಿಕರನ್ನು ದಾರಿಗಳ್ಳರಿಂದ ಕಾಯುವುದಕ್ಕೆ ಸುಮಾರು 1119ರಲ್ಲಿ ಯೂಗ್ ದ ಪಾಯೆನ್ ಎಂಬ ಫ್ರೆಂಚ್ ನೈಟ್ ಕೆಲವರು ಸಂಗಡಿಗರೊಡನೆ ವ್ರತ ತೊಟ್ಟ. ಜೆರುಸಲೇಮಿನ ಅರಸ ಎರಡನೇ ಬಾಲ್ಡ್ವಿನ್ ಅವರಿಗೆ ಅಲ್ ಅಕ್ಸಾ ಮಸೀದಿಯ ಕಟ್ಟಡದಲ್ಲಿ ಬಿಡಾರ ಕೊಟ್ಟ. ಅದು ಸೊಲೊಮನ್ ದೊರೆಯ ದೇವಾಲಯವಿದ್ದ ಜಾಗವೆಂಬ ನಂಬಿಕೆಯಿಂದ ಇವರಿಗೆ ಟೆಂಪ್ಲರರು ಎಂಬ ಹೆಸರು ಬಂತು. 1129ರಲ್ಲಿ ಟ್ರ್ವಾ ನಗರದ ಧರ್ಮಸಭೆ ಅವರಿಗೆ ನಿಯಮಾವಳಿ ಕೊಟ್ಟಿತು. 1139ರಲ್ಲಿ ಪೋಪ್ ಅವರ ಜಮೀನಿಗೆ ದಶಾಂಶದಿಂದ, ಅಂದರೆ ಚರ್ಚಿಗೆ ಸಲ್ಲಬೇಕಾದ ಹತ್ತನೇ ಒಂದು ಪಾಲಿನಿಂದ, ವಿನಾಯಿತಿ ಕೊಟ್ಟರು. ಆಮೇಲೆ ದತ್ತಿಗಳು ಹರಿದು ಬಂದವು: ಊರುಗಳು, ದ್ರಾಕ್ಷಿ ತೋಟಗಳು, ಗಿರಣಿಗಳು, ಸಂತೆಯ ಸುಂಕದ ಹಕ್ಕುಗಳು. ಆರಗಾನಿನ ಅರಸ ಮೊದಲನೇ ಅಲ್ಫಾನ್ಸೋ ಮಕ್ಕಳಿಲ್ಲದೆ 1134ರಲ್ಲಿ ತೀರಿಕೊಂಡಾಗ ತನ್ನ ಇಡೀ ರಾಜ್ಯವನ್ನೇ ಟೆಂಪ್ಲರರೂ ಸೇರಿ ಮೂರು ಧಾರ್ಮಿಕ ಸಂಘಗಳಿಗೆ ಉಯಿಲು ಬರೆದಿಟ್ಟಿದ್ದ! ಉಯಿಲು ಜಾರಿಗೆ ಬರಲಿಲ್ಲ, ಆದರೆ ಪರಿಹಾರವಾಗಿ ಟೆಂಪ್ಲರರಿಗೆ ಕೋಟೆಗಳು ಸಿಕ್ಕವು.

ಸಂಘ ಶ್ರೀಮಂತವಾದರೂ ಸದಸ್ಯ ಬಡವನಾಗಿಯೇ ಇರಬೇಕಿತ್ತು. ಸತ್ತ ಸನ್ಯಾಸಿಯ ಬಳಿ ಸ್ವಂತದ ಹಣ ಸಿಕ್ಕರೆ ಅವನಿಗೆ ಕ್ರೈಸ್ತ ಶವಸಂಸ್ಕಾರ ಇಲ್ಲವೆಂದು ನಿಯಮ. ಹಳ್ಳಿಹಳ್ಳಿಯ ಆದಾಯದಲ್ಲಿ ಒಂದು ಪಾಲು ಪೂರ್ವಕ್ಕೆ, ಅಂದರೆ ಪ್ಯಾಲೆಸ್ಟೈನಿನ ಯುದ್ಧಭೂಮಿಗೆ ಹೋಗುತ್ತಿತ್ತು. ಅಲ್ಲಿ ಅದು ಯಾವ ವೇಗದಲ್ಲಿ ಕರಗುತ್ತಿತ್ತು ನೋಡಿ. 1240ರ ದಶಕದಲ್ಲಿ ಗಲಿಲಾಯದ ಸಫೇದ್ ಎಂಬಲ್ಲಿ ಟೆಂಪ್ಲರರು ಕೋಟೆಯನ್ನು ಹೊಸದಾಗಿ ಕಟ್ಟಿದರು. ಮೊದಲ ಎರಡೂವರೆ ವರ್ಷಕ್ಕೆ, ಕೋಟೆಯ ಹುಟ್ಟುವಳಿಯನ್ನು ಬಿಟ್ಟು, 11,00,000 ಬೆಜಾಂಟ್ ಚಿನ್ನದ ನಾಣ್ಯ ಖರ್ಚಾಯಿತು. ಆಮೇಲೆ ವರ್ಷಕ್ಕೆ ಸುಮಾರು 40,000 ಎಂದು ಆ ಕಾಲದ ಬರಹವೊಂದು ಲೆಕ್ಕ ಕೊಡುತ್ತದೆ. 1266ರಲ್ಲಿ ಈಜಿಪ್ಟಿನ ಸುಲ್ತಾನ ಬೈಬರ್ಸ್ ಕೋಟೆಯನ್ನು ಗೆದ್ದುಕೊಂಡ. ನಿಧಿ ಹುಡುಕುವವರು ಅಟ್ಲಾಂಟಿಕ್ ದ್ವೀಪಗಳ ನಕ್ಷೆ ಹರಡಿಕೊಂಡು ಕೂರುತ್ತಾರೆ. ಟೆಂಪ್ಲರರ ಚಿನ್ನದ ದೊಡ್ಡದೊಂದು ಪಾಲು ಸಫೇದಿನಂಥ ಕೋಟೆಗಳ ಗೋಡೆಗಳಲ್ಲಿ ಕಲ್ಲು ಸುಣ್ಣವಾಗಿ ಸೇರಿಹೋಗಿದೆ.

ಈಗ ಪೆಟ್ಟಿಗೆಗಳ ಮಾತಿಗೆ ಬರೋಣ. ಟೆಂಪ್ಲರರ ಬಳಿ ಹಣ ತುಂಬಿದ ಪೆಟ್ಟಿಗೆಗಳು ಇದ್ದದ್ದು ನಿಜ. ಅವನ್ನು ಕಣ್ಣಾರೆ ಕಂಡವನೊಬ್ಬ ಬರೆದಿಟ್ಟಿದ್ದಾನೆ.

1250ರ ಮೇ ತಿಂಗಳು, ಈಜಿಪ್ಟ್. ಫ್ರಾನ್ಸಿನ ಅರಸ ಒಂಬತ್ತನೇ ಲೂಯಿ ಸೈನ್ಯಸಮೇತ ಸೆರೆಸಿಕ್ಕಿದ್ದ. ಬಿಡುಗಡೆಗಾಗಿ ಒತ್ತೆಹಣದ ಮೊದಲ ಕಂತು 2,00,000 ಲಿವ್ರ್ (ಲಿವ್ರ್ ಎಂದರೆ ಫ್ರೆಂಚರ ಹಣದ ಲೆಕ್ಕದ ಮಾನ) ಕೊಡಬೇಕಿತ್ತು. ಎರಡು ದಿನ ತೂಗಿ ತೂಗಿ ಕೊಟ್ಟ ಮೇಲೂ 30,000 ಲಿವ್ರ್ ಕಡಿಮೆ ಬಿತ್ತು. ಅರಸನ ಆಪ್ತ ಜ್ವಾಂವೀಲ್ (ಇದನ್ನೆಲ್ಲ ಬರೆದಿಟ್ಟವನು ಇವನೇ), ಟೆಂಪ್ಲರರಿಂದ ಸಾಲ ಪಡೆಯೋಣ ಎಂದ. ಟೆಂಪ್ಲರರ ಕಮಾಂಡರ್ ಒಪ್ಪಲಿಲ್ಲ. ಇಟ್ಟವರಿಗೆ ಬಿಟ್ಟು ಬೇರೆ ಯಾರಿಗೂ ಕೊಡುವುದಿಲ್ಲವೆಂದು ಪ್ರಮಾಣ ಮಾಡಿ ಇಟ್ಟುಕೊಂಡ ಹಣವಿದು ಎಂಬುದು ಅವನ ವಾದ. ಮಾತಿಗೆ ಮಾತು ಬೆಳೆಯಿತು. ಆಗ ಸಂಘದ ಮಾರ್ಷಲ್ ರೆನೋ ದ ವಿಶಿಯೇ ನಡುವೆ ಬಂದು ಒಂದು ಉಪಾಯ ಹೇಳಿದ. ನಾವಾಗಿ ಕೊಟ್ಟರೆ ಪ್ರಮಾಣ ಮುರಿದಂತೆ. ನೀವಾಗಿ ಕಿತ್ತುಕೊಂಡರೆ ನಮ್ಮ ತಪ್ಪಿಲ್ಲ. ಹೇಗಿದ್ದರೂ ಪ್ಯಾಲೆಸ್ಟೈನಿನ ನಮ್ಮ ಖಜಾನೆಯಲ್ಲಿ ಅರಸನ ಹಣವಿದೆ, ಅದರಿಂದ ನಾವು ವಜಾ ಮಾಡಿಕೊಳ್ಳುತ್ತೇವೆ.

ಜ್ವಾಂವೀಲ್ ಟೆಂಪ್ಲರರ ಹಡಗು ಹತ್ತಿ, ಪೆಟ್ಟಿಗೆಗಳಿದ್ದ ಕೆಳ ಅಂತಸ್ತಿಗೆ ಇಳಿದ. ಕಾಯಿಲೆಯಿಂದ ಸೊರಗಿದ್ದ ಅವನ ಮೈಮೇಲೆ ಇದ್ದದ್ದು ಸೆರೆಯಲ್ಲಿ ತೊಟ್ಟಿದ್ದ ಬಟ್ಟೆಯೇ. ಖಜಾಂಚಿಗೆ ಅವನ ಗುರುತು ಸಿಗಲಿಲ್ಲ. ಕೀಲಿ ಕೊಡುವುದಿಲ್ಲ ಎಂದ. ಅಲ್ಲೇ ಬಿದ್ದಿದ್ದ ಕೊಡಲಿಯನ್ನು ಜ್ವಾಂವೀಲ್ ಎತ್ತಿಕೊಂಡು, ಇದೇ ಅರಸನ ಕೀಲಿ ಎಂದ. ಮಾರ್ಷಲ್ ಅವನ ಮುಷ್ಟಿ ಹಿಡಿದು, ನೀವು ಬಲ ಪ್ರಯೋಗಿಸುತ್ತಿದ್ದೀರಿ ಎಂಬುದು ಸ್ಪಷ್ಟವಾದದ್ದರಿಂದ ಕೀಲಿ ಕೊಡಿಸುತ್ತೇವೆ ಎಂದು ಒಪ್ಪಿಸಿದ. ಮೊದಲು ತೆರೆದ ಪೆಟ್ಟಿಗೆ ಯಾರದ್ದೆಂದರೆ ಅರಸನ ನೌಕರನೊಬ್ಬನದ್ದೇ, ನಿಕೋಲಾ ದ ಶ್ವಾಜಿ ಎಂಬವನದ್ದು!

ಈ ಪ್ರಸಂಗ ನನಗೆ ಬಹಳ ಇಷ್ಟ. ನಾಟಕ ಎಂದು ಎಲ್ಲರಿಗೂ ಗೊತ್ತಿದ್ದೂ ಎಲ್ಲರೂ ಗಂಭೀರವಾಗಿ ಪಾತ್ರ ವಹಿಸುತ್ತಾರೆ. ಆ ನಾಟಕದ ಒಳಗೆ ನಮಗೆ ಬೇಕಾದ ಸಾಕ್ಷ್ಯವಿದೆ. ಹಡಗಿನಲ್ಲಿದ್ದ ಪೆಟ್ಟಿಗೆಗಳು ಪರರವು. ಟೆಂಪ್ಲರರು ಅವುಗಳ ಕಾವಲುಗಾರರು. ಅವರ ಸಂಪತ್ತೆಂದರೆ, ಅವರು ಬೇರೆಯವರಿಗೆ ಕೊಡುವುದಿಲ್ಲ ಎಂದು ಊರೆಲ್ಲ ಇಟ್ಟಿದ್ದ ನಂಬಿಕೆ.

ಆ ನಂಬಿಕೆಯ ಮೇಲೆಯೇ ವ್ಯವಹಾರ ನಡೆಯುತ್ತಿತ್ತು. ಒಂದೂರಲ್ಲಿ ಹಣ ಪಡೆದು ಇನ್ನೊಂದೂರಲ್ಲಿ ತೀರಿಸುವುದು, ಅಂದರೆ ನಮ್ಮ ಹಳೆಯ ಸಾಹುಕಾರರ ಹುಂಡಿಯ ಕ್ರಮ, ಅವರಿಗೆ ಚೆನ್ನಾಗಿ ಕರಗತವಾಗಿತ್ತು. ಏಳನೇ ಲೂಯಿ ಎರಡನೇ ಧರ್ಮಯುದ್ಧದಲ್ಲಿ ಅವರಿಂದ ಸಾಲ ಪಡೆದು, ಅವರಿಗೆ 2,000 ಮಾರ್ಕ್ ಬೆಳ್ಳಿ ತೀರಿಸುವಂತೆ ಫ್ರಾನ್ಸಿನಲ್ಲಿ ಆಡಳಿತ ನೋಡುತ್ತಿದ್ದ ಮಠಾಧಿಪತಿ ಸೂಜೆರ್‌ಗೆ ಪತ್ರ ಬರೆದ. 1190ರಲ್ಲಿ ಎರಡನೇ ಫಿಲಿಪ್ ಯುದ್ಧಕ್ಕೆ ಹೊರಟಾಗ ರಾಜ್ಯದ ವರಮಾನವನ್ನು ಪ್ಯಾರಿಸ್ಸಿನ ಟೆಂಪ್ಲರ್ ಮನೆಗೆ ಕಟ್ಟಬೇಕೆಂದು ಆಜ್ಞೆ ಮಾಡಿದ. ಆ ಮನೆಯ 1295-96ರ ರೋಕಡಿ ಪುಸ್ತಕದ ಕೆಲವು ಹಾಳೆಗಳು ಉಳಿದಿವೆ. ಯಾವ ದಿನ ಯಾರು ಗಲ್ಲಾಪೆಟ್ಟಿಗೆಯಲ್ಲಿ ಕೂತಿದ್ದರು, ಯಾರ ಖಾತೆಗೆ ಎಷ್ಟು ಜಮಾ ಆಯಿತು ಎಂದು ದಿನವಹಿ ನಮೂದಿದೆ. ಅರಸನ ಮನೆಯವರು, ಪಾದ್ರಿಗಳು, ಸರದಾರರು, ವರ್ತಕರು ಎಂದು ಅರುವತ್ತಕ್ಕೂ ಹೆಚ್ಚು ಖಾತೆಗಳು. ಹುಗಿದಿಟ್ಟ ಹಣಕ್ಕೆ ದಿನವಹಿ ಬೇಕಾಗುವುದಿಲ್ಲ.

ಮುಂದಿನ ಪಾತ್ರಧಾರಿ ನಾಲ್ಕನೇ ಫಿಲಿಪ್. ನೋಡಲು ಚೆಲುವನಾಗಿದ್ದ ಕಾರಣ ಚೆಲುವ ಫಿಲಿಪ್ ಎಂದೇ ಹೆಸರು. ಇಂಗ್ಲೆಂಡಿನೊಡನೆ, ಫ್ಲಾಂಡರ್ಸಿನೊಡನೆ ಯುದ್ಧ ಮಾಡಿ ಬೊಕ್ಕಸ ಬರಿದಾಗಿತ್ತು. ನಾಣ್ಯದಲ್ಲಿ ಬೆಳ್ಳಿ ಕಡಿಮೆ ಮಾಡಿ ಕೆಲವು ವರ್ಷ ತಳ್ಳಿದ. 1306ರ ಜುಲೈಯಲ್ಲಿ ರಾಜ್ಯದ ಯಹೂದಿಗಳನ್ನೆಲ್ಲ ಒಮ್ಮೆಗೇ ಬಂಧಿಸಿ, ಆಸ್ತಿ ಕಿತ್ತುಕೊಂಡು ಗಡೀಪಾರು ಮಾಡಿದ. ಅದೇ ವರ್ಷ ನಾಣ್ಯದ ಬೆಲೆಯನ್ನು ಹಠಾತ್ತನೆ ಹಳೆಯ ಮಟ್ಟಕ್ಕೆ ತಂದಾಗ ಪ್ಯಾರಿಸ್ಸಿನ ಮನೆಬಾಡಿಗೆಗಳು ಒಂದಕ್ಕೆ ಮೂರಾದವು. ಜನ ದಂಗೆ ಎದ್ದರು. ಅರಸ ಜೀವ ಉಳಿಸಿಕೊಳ್ಳಲು ಓಡಿಹೋಗಿ ಅಡಗಿದ್ದೆಲ್ಲಿ ಗೊತ್ತೇ? ಟೆಂಪ್ಲರರ ಕೋಟೆಮನೆಯಲ್ಲಿ. ಅನ್ನ ಹಾಕಿದ ಮನೆಗೆ ಕನ್ನ ಹಾಕಿದ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಇಲ್ಲಿ ಅದು ಅಕ್ಷರಶಃ ಹತ್ತು ತಿಂಗಳೊಳಗೆ ನಡೆಯಿತು.

1307ರ ಸೆಪ್ಟೆಂಬರ್ 14ರಂದು ಗುಪ್ತ ಆಜ್ಞೆಗಳು ಹೊರಟವು. ಅಕ್ಟೋಬರ್ 12ರಂದು ಅರಸನ ತಮ್ಮನ ಹೆಂಡತಿಯ ಶವಸಂಸ್ಕಾರದಲ್ಲಿ ಟೆಂಪ್ಲರರ ಮುಖ್ಯಸ್ಥ ಜಾಕ್ ದ ಮೊಲೇ ರಾಜಮನೆತನದವರ ಸಾಲಿನಲ್ಲಿ ನಿಂತಿದ್ದ. ಮರುದಿನ ಬೆಳಗಾಗುವಷ್ಟರಲ್ಲಿ ಸೆರೆಯಲ್ಲಿದ್ದ. ಕ್ರಿಸ್ತನನ್ನು ನಿರಾಕರಿಸಿದರು, ಶಿಲುಬೆಗೆ ಉಗುಳಿದರು, ತಲೆಯೊಂದನ್ನು ಪೂಜಿಸಿದರು ಎಂಬ ಆರೋಪಗಳು. ಪ್ಯಾರಿಸ್ಸಿನಲ್ಲಿ ವಿಚಾರಣೆಗೊಳಗಾದ 138 ಮಂದಿಯಲ್ಲಿ 134 ಮಂದಿ ಚಿತ್ರಹಿಂಸೆಗೋ ಅದರ ಭಯಕ್ಕೋ ತಪ್ಪೊಪ್ಪಿಕೊಂಡರು. ಮುಂದೆ ಆರೋಪಗಳ ಪಟ್ಟಿ 127ಕ್ಕೆ ಬೆಳೆಯಿತು. ಅಷ್ಟು ಉದ್ದದ ಪಟ್ಟಿಯಲ್ಲಿ ನಿಧಿ ಬಚ್ಚಿಟ್ಟರು ಎಂಬ ಆರೋಪ ಒಂದೂ ಇಲ್ಲ. ಹಣಕ್ಕಾಗಿಯೇ ಹೊಂಚು ಹಾಕಿದ ಅರಸನಿಗೆ ಬೆಟ್ಟದಷ್ಟು ಚಿನ್ನ ಕೈತಪ್ಪಿದ್ದರೆ ಅವನ ವಕೀಲರು ಸುಮ್ಮನಿರುತ್ತಿದ್ದರೇ?

ಆದರೂ ಕಥೆ ಎಲ್ಲಿಂದ ಹುಟ್ಟಿತು? ಬೆಂಕಿಯಿಲ್ಲದೆ ಹೊಗೆಯಿಲ್ಲ ಎನ್ನುವವರಿಗಾಗಿ ಆ ಬೆಂಕಿಯನ್ನೂ ತೋರಿಸುತ್ತೇನೆ. 1308ರ ಜೂನ್‌ನಲ್ಲಿ ಪ್ವಾತಿಯೇ ನಗರದಲ್ಲಿ ಪೋಪರ ಎದುರಿನ ವಿಚಾರಣೆಯಲ್ಲಿ ಜ್ಯಾಂ ದ ಶಾಲೋಂ ಎಂಬ, ಸಂಘದ ಸಾಮಾನ್ಯ ಸದಸ್ಯನೊಬ್ಬ ಹೇಳಿಕೆ ಕೊಟ್ಟ. ಬಂಧನದ ಸುಳಿವು ಮೊದಲೇ ಸಿಕ್ಕಿ, ಫ್ರಾನ್ಸ್ ಪ್ರಾಂತದ ಮುಖ್ಯಸ್ಥ ಜೆರಾರ್ ದ ವಿಲ್ಲಿಯೇ 50 ಕುದುರೆಗಳೊಡನೆ ಓಡಿಹೋದ, 18 ಹಡಗುಗಳೊಡನೆ ಸಮುದ್ರಕ್ಕಿಳಿದನೆಂದು ಕೇಳಿದ್ದೇನೆ, ಯೂಗ್ ದ ಶಾಲೋಂ ಎಂಬವನು ಹಿರಿಯ ಅಧಿಕಾರಿ ಯೂಗ್ ದ ಪೆರೋನ ಹಣವನ್ನೆಲ್ಲ ಹೊತ್ತುಕೊಂಡು ಪರಾರಿಯಾದ ಎಂದು.

ನಿಧಿಯ ಹಡಗುಪಡೆಯ ಕಥೆಗೆ ಆಧಾರ ಇದೊಂದೇ ಹೇಳಿಕೆ. ಇದನ್ನು ನಿಧಾನವಾಗಿ ಓದಬೇಕು. ಹೇಳಿದವನು ಸೆರೆಯಾಳು. ಹಡಗಿನ ಮಾತು ಅವನ ಕಿವಿಗೆ ಬಿದ್ದದ್ದೇ ಹೊರತು ಕಣ್ಣಿಗೆ ಬಿದ್ದದ್ದಲ್ಲ. ಹಣ ಪರಾರಿಯಾಯಿತು ಎಂದಿರುವುದು ಒಬ್ಬ ಅಧಿಕಾರಿಯ ವಶದಲ್ಲಿದ್ದ ಹಣದ ಬಗ್ಗೆ, ಇಡೀ ಸಂಘದ ಖಜಾನೆಯ ಬಗ್ಗೆ ಅಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ನಿಧಿಯ ಹಡಗುಗಳು ಹೊರಟದ್ದು ಅಲ್ಲಿಂದಲೇ ಎಂದು ಇಂದು ಎಲ್ಲೆಲ್ಲೂ ಕೇಳುವ, ಫ್ರಾನ್ಸಿನ ಲಾ ರೋಷೆಲ್ ಬಂದರಿನ ಹೆಸರೇ ಅದರಲ್ಲಿಲ್ಲ! ಆ ಬಂದರನ್ನು ನಂತರದವರು ಸೇರಿಸಿದರು. ಜೆರಾರ್ ತಪ್ಪಿಸಿಕೊಂಡದ್ದಂತೂ ನಿಜ. ಓಡಿಹೋದವರು ಸ್ವಲ್ಪ ಹಣ ಜೊತೆಗೊಯ್ದಿದ್ದರೆ ಅದರಲ್ಲಿ ಆಶ್ಚರ್ಯವೂ ಇಲ್ಲ.

ಸಂಘದ ನಿಜವಾದ ಕೇಂದ್ರ ಖಜಾನೆ ಆಗ ಫ್ರಾನ್ಸಿನಲ್ಲೇ ಇರಲಿಲ್ಲ. 1291ರಲ್ಲಿ ಪ್ಯಾಲೆಸ್ಟೈನಿನ ಕೊನೆಯ ನೆಲೆಯಾದ ಅಕ್ಕೊ ಬಂದರು ಬೀಳುತ್ತಿದ್ದಾಗ ತಿಬೋ ಗೋದೆಂ ಎಂಬ ಅಧಿಕಾರಿ ಖಜಾನೆಯನ್ನು ದೋಣಿಗೇರಿಸಿಕೊಂಡು ಸೈದಾಕ್ಕೆ, ಅಲ್ಲಿಂದ ಸೈಪ್ರಸ್ಸಿಗೆ ಹೋದ. ಟೆಂಪ್ಲರರ ನಿಧಿ ಹಡಗಿನಲ್ಲಿ ಪಾರಾದದ್ದು ಹೌದು. ಕಥೆಗಾರರು ವರ್ಷವನ್ನೂ ಸಮುದ್ರವನ್ನೂ ತಪ್ಪಿದ್ದಾರೆ. 1308ರಲ್ಲಿ ಸೈಪ್ರಸ್ಸಿನಲ್ಲಿ ಅವರ ಆಸ್ತಿ ಜಪ್ತಿಯಾದಾಗ ಕವಚ, ಬಿಲ್ಲು, ಶಿರಸ್ತ್ರಾಣಗಳ ರಾಶಿಯ ಜೊತೆ 1,20,000 ಬಿಳಿ ಬೆಜಾಂಟ್ ಸಿಕ್ಕಿತು. ಉಳಿದದ್ದನ್ನು ಯಾರಿಗೂ ತಿಳಿಯದಂತೆ ಅಡಗಿಸಿದ್ದಾರೆ ಎಂದು ಆ ದ್ವೀಪದ ವೃತ್ತಾಂತಕಾರ ಆಗಲೇ ಬರೆದ. ನಿರೀಕ್ಷಿಸಿದಷ್ಟು ಸಿಗದಿದ್ದರೆ ಬಚ್ಚಿಟ್ಟಿರಬೇಕು ಎಂಬ ತರ್ಕ ಅಲ್ಲಿಂದ ಇಲ್ಲಿಯವರೆಗೆ ಹಾಗೆಯೇ ನಡೆದು ಬಂದಿದೆ.

ಲೆಕ್ಕ ಮುಗಿದ ಬಗೆಯನ್ನೂ ಹೇಳಿಬಿಡುತ್ತೇನೆ. 1312ರ ಮಾರ್ಚ್‌ನಲ್ಲಿ ಪೋಪ್ ಐದನೇ ಕ್ಲೆಮೆಂಟ್ ವಿಯೆನ್ ಧರ್ಮಸಭೆಯಲ್ಲಿ ಸಂಘವನ್ನು ವಿಸರ್ಜಿಸಿದರು. ಮೇ ತಿಂಗಳಲ್ಲಿ ಆಸ್ತಿಯನ್ನು ಹಾಸ್ಪಿಟಲರ್ ಎಂಬ ಇನ್ನೊಂದು ಸನ್ಯಾಸಿ ಸೈನಿಕರ ಸಂಘಕ್ಕೆ ವರ್ಗಾಯಿಸಿದರು. ಆಗ ಫಿಲಿಪ್ ಒಂದು ಬೇಡಿಕೆ ಇಟ್ಟ: ನಾನು ಟೆಂಪ್ಲರರ ಬಳಿ ಇಟ್ಟಿದ್ದ ಹಣ ನನಗೆ ವಾಪಸ್ಸಾಗಿಲ್ಲ. ಹಾಸ್ಪಿಟಲರರು 2,00,000 ಲಿವ್ರ್ ಕೊಡಲು ಒಪ್ಪಿದರು. ಸಾಲದೆಂಬಂತೆ ಬಂದಿಗಳನ್ನು ಸೆರೆಯಲ್ಲಿಟ್ಟು ವಿಚಾರಣೆ ನಡೆಸಿದ ಖರ್ಚನ್ನೂ ಅವರ ತಲೆಗೇ ಕಟ್ಟಲಾಯಿತು. ನಡುವಿನ ವರ್ಷಗಳಲ್ಲಿ ಟೆಂಪ್ಲರರ ಜಮೀನಿನ ಆದಾಯವನ್ನು ಉಂಡದ್ದೂ ಅರಸನೇ. 1314ರ ಮಾರ್ಚ್‌ನಲ್ಲಿ ಮೊಲೇಯನ್ನು ಸೇನ್ ನದಿಯ ನಡುಗಡ್ಡೆಯಲ್ಲಿ ಸುಟ್ಟರು. ಅದೇ ವರ್ಷ ಪೋಪರೂ ಅರಸನೂ ಸತ್ತರು. ಹಾಸ್ಪಿಟಲರರಿಗೂ ಫ್ರೆಂಚ್ ಅರಮನೆಗೂ ಲೆಕ್ಕ ಚುಕ್ತಾ ಆದದ್ದು 1318ರಲ್ಲಿ. ಕದ್ದವನು ರಸೀದಿ ಬಿಟ್ಟು ಹೋಗಿದ್ದಾನೆ, ಮುದ್ರೆ ಸಮೇತ. ಆದರೂ ನಾವು ಹಡಗು ಹುಡುಕುತ್ತೇವೆ. ಒಬ್ಬ ಅರಸ ಕಾಗದಪತ್ರದ ಮೂಲಕ, ಕಾನೂನಿನ ಭಾಷೆಯಲ್ಲಿ, ಹಾಡಹಗಲೇ ಒಂದು ಸಂಸ್ಥೆಯನ್ನು ನುಂಗಿದ ಎಂಬುದರಲ್ಲಿ ರೋಮಾಂಚನ ಕಡಿಮೆ ಇರಬೇಕು.

ರೋಮಾಂಚನದ ಪೂರೈಕೆ ಶುರುವಾದದ್ದು ಹದಿನೆಂಟನೇ ಶತಮಾನದಲ್ಲಿ. ಜರ್ಮನಿಯ ಬ್ಯಾರನ್ ಫಾನ್ ಹುಂಡ್ ಎಂಬವನು ಫ್ರೀಮೇಸನ್ ಎಂಬ ಗುಟ್ಟಿನ ಸಂಘಟನೆಯ ತನ್ನ ಶಾಖೆ ಟೆಂಪ್ಲರರಿಂದಲೇ ಗುಟ್ಟಾಗಿ ಇಳಿದು ಬಂದದ್ದು ಎಂದು ಸಾರಿದ. ಸ್ಕಾಟ್ಲೆಂಡಿಗೆ ಓಡಿಹೋದ ಟೆಂಪ್ಲರರ ಕಥೆ ಬೆಳೆದದ್ದು ಈ ವಲಯದಲ್ಲಿ. 1782ರಲ್ಲಿ ವಿಲ್ಹೆಲ್ಮ್ಸ್‌ಬಾಡ್ ಸಮ್ಮೇಳನದಲ್ಲಿ ಆ ಶಾಖೆಯವರೇ ಈ ವಂಶಾವಳಿಯನ್ನು ಕೈಬಿಟ್ಟರು. ಕಥೆ ಮಾತ್ರ ಅವರನ್ನು ಬಿಡಲಿಲ್ಲ. ಸ್ಕಾಟ್ಲೆಂಡಿನ ರಾಸ್ಲಿನ್ ಪ್ರಾರ್ಥನಾ ಮಂದಿರದ ಕೆಳಗೆ ನಿಧಿಯಿದೆ ಎನ್ನುವವರಿಗೆ ಎರಡು ಸಂಗತಿ ಸಾಕು. ಅದರ ಕೆಲಸ ಶುರುವಾದದ್ದು 1446ರಲ್ಲಿ, ಸಂಘ ಇಲ್ಲವಾಗಿ ನೂರಮೂವತ್ತನಾಲ್ಕು ವರ್ಷಗಳ ನಂತರ. ಅದನ್ನು ಕಟ್ಟಿಸಿದ ಸಿಂಕ್ಲೇರ್ ಮನೆತನದ ಪೂರ್ವಿಕರು 1309ರ ವಿಚಾರಣೆಯಲ್ಲಿ ಟೆಂಪ್ಲರರ ವಿರುದ್ಧವೇ ಸಾಕ್ಷಿ ಹೇಳಿದ್ದರು.

ಇದಕ್ಕಿಂತ ರಸವತ್ತಾದದ್ದು ನಾರ್ಮಂಡಿಯ ಜಿಜೋರ್ ಕೋಟೆಯ ಪ್ರಕರಣ. 1946ರಲ್ಲಿ ಅಲ್ಲಿನ ತೋಟಗಾರ ರೋಜೆ ಲೋಮ್ವಾ ಪುರಸಭೆಗೆ ಹೋಗಿ ಒಂದು ಸುದ್ದಿ ಹೇಳಿದ. ಕೋಟೆಯ ದಿಬ್ಬದೊಳಗೆ ಗುಟ್ಟಾಗಿ ಸುರಂಗ ತೋಡುತ್ತ ಹೋದಾಗ ನೆಲದಡಿಯಲ್ಲಿ ಒಂದು ಪ್ರಾರ್ಥನಾ ಮಂದಿರ ಕಂಡಿತಂತೆ; ಅದರಲ್ಲಿ 19 ಕಲ್ಲಿನ ಶವಪೆಟ್ಟಿಗೆಗಳು, 30 ಲೋಹದ ಪೆಟ್ಟಿಗೆಗಳು. ಪುರಸಭೆಯವರು ಗುಂಡಿ ನೋಡಿ ಬೆಚ್ಚಿ, ಮುಚ್ಚಿಸಿದರು. 1960ರ ದಶಕದಲ್ಲಿ ಪತ್ರಕರ್ತರ ಕೈಗೆ ಕಥೆ ಸಿಕ್ಕಿ ದೇಶವಿಡೀ ಸುದ್ದಿಯಾಯಿತು. ಸಂಸ್ಕೃತಿ ಸಚಿವ ಆಂದ್ರೆ ಮಾಲ್ರೋ ಅಧಿಕೃತವಾಗಿ ಉತ್ಖನನ ಮಾಡಿಸಿದರು. 1964ರಲ್ಲಿ ಸೈನ್ಯದ ಎಂಜಿನಿಯರರೇ ಅಗೆದರು. ಮಂದಿರವೂ ಇಲ್ಲ, ಪೆಟ್ಟಿಗೆಯೂ ಇಲ್ಲ. ನಿಧಿಯ ಆಸೆಗೆ ವೀರಗಲ್ಲು ಕಿತ್ತ, ಗರ್ಭಗುಡಿಯ ಪೀಠ ಅಗೆದ ಸುದ್ದಿಗಳನ್ನು ಪತ್ರಿಕೆಯಲ್ಲಿ ಓದುತ್ತಲೇ ಇರುವ ನಮಗೆ ಇದು ಹೊಸ ಕಥೆಯಲ್ಲ. ಇಲ್ಲಿ ಅಗೆಸಿದ್ದು ಸರ್ಕಾರ ಎಂಬುದಷ್ಟೇ ಹೊಸತು.

ಜಿಜೋರ್ ಕೋಟೆಗೂ ಟೆಂಪ್ಲರರಿಗೂ ನಿಜವಾದ ಸಂಬಂಧ ಏನು? ಒಂದು ವರದಕ್ಷಿಣೆಯ ಕಾವಲು. ಫ್ರಾನ್ಸಿನ ಏಳನೇ ಲೂಯಿಯ ಮಗಳಿಗೂ ಇಂಗ್ಲೆಂಡಿನ ಎರಡನೇ ಹೆನ್ರಿಯ ಮಗನಿಗೂ ಮದುವೆ ನಿಶ್ಚಯವಾಗಿತ್ತು. ಮದುವೆ ಆಗುವವರೆಗೆ ವರದಕ್ಷಿಣೆಯ ಕೋಟೆಗಳನ್ನು ನಡುವಿನವರಾಗಿ ಟೆಂಪ್ಲರರು ಇಟ್ಟುಕೊಳ್ಳಬೇಕೆಂದು ಒಪ್ಪಂದ. ಮಕ್ಕಳು ದೊಡ್ಡವರಾಗಲು ಇನ್ನೂ ಹತ್ತು ಹನ್ನೆರಡು ವರ್ಷ ಬೇಕು ಎಂದು ಲೂಯಿ ನಿಶ್ಚಿಂತನಾಗಿದ್ದ. ಹೆನ್ರಿ 1160ರಲ್ಲಿ ಐದು ವರ್ಷದ ಹುಡುಗನಿಗೂ ಎರಡು ವರ್ಷದ ಕೂಸಿಗೂ ಮದುವೆ ಮಾಡಿಸಿಯೇಬಿಟ್ಟ. ಷರತ್ತು ಪೂರೈಸಿತು ಎಂದು ಟೆಂಪ್ಲರರು ಕೋಟೆಗಳನ್ನು ಅವನಿಗೆ ಒಪ್ಪಿಸಿದರು. ಸಿಟ್ಟಾದ ಲೂಯಿ ಆ ಕಾವಲುಗಾರರನ್ನು ರಾಜ್ಯದಿಂದ ಹೊರಗಟ್ಟಿದ. ಇಷ್ಟೇ ಅಲ್ಪಕಾಲದ ನಂಟಿಗೆ ಎಂಟುನೂರು ವರ್ಷಗಳ ನಂತರ ಸೈನ್ಯ ಬಂದು ಅಗೆಯಿತು.

ಕೊನೆಯದಾಗಿ, ನಮ್ಮ ಕರಾವಳಿಗೆ ತಾಗುವ ಒಂದು ಎಳೆ. ಪೋರ್ಚುಗಲ್ಲಿನ ಅರಸ ದಿನಿಸ್ ಟೆಂಪ್ಲರರ ಆಸ್ತಿಯನ್ನು ಹಾಸ್ಪಿಟಲರರಿಗೆ ಕೊಡಲು ಒಪ್ಪಲಿಲ್ಲ. 1319ರಲ್ಲಿ ಪೋಪರ ಅನುಮತಿ ಪಡೆದು ಅದೇ ಜಮೀನು, ಅದೇ ಕೋಟೆಗಳಿಂದ ಕ್ರಿಸ್ತನ ಸಂಘ ಎಂಬ ಹೊಸ ಸಂಘವನ್ನು ಕಟ್ಟಿದ. ಟೆಂಪ್ಲರರ ತೊಮಾರ್ ಕೋಟೆ ಮುಂದೆ ಅದರ ಕೇಂದ್ರವಾಯಿತು. 1420ರಲ್ಲಿ ಅದರ ಆಡಳಿತ ರಾಜಕುಮಾರ ಹೆನ್ರಿಗೆ ಬಂತು. ಆಫ್ರಿಕಾದ ಕರಾವಳಿಗುಂಟ ಹಡಗು ಕಳುಹಿಸಿದವನು ಇವನೇ, ಅದಕ್ಕೆ ಈ ಸಂಘದ ಆದಾಯವೂ ಒದಗಿತು. ಮುಂದೆ ಸಂಘದ ಆಡಳಿತ ಹಿಡಿದಿದ್ದ ಅರಸ ಮನುವೆಲ್, ವಾಸ್ಕೋ ಡ ಗಾಮನನ್ನು ಬೀಳ್ಕೊಡುವಾಗ ಕ್ರಿಸ್ತನ ಸಂಘದ ಶಿಲುಬೆಯಿದ್ದ ರೇಷ್ಮೆ ಬಾವುಟವನ್ನು ಅವನ ಕೈಗೆ ಕೊಟ್ಟ. 1498ರ ಸೆಪ್ಟೆಂಬರ್ ಕೊನೆಯಲ್ಲಿ ಗಾಮ ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ ಲಂಗರು ಹಾಕಿ ಹಡಗು ದುರಸ್ತಿ ಮಾಡಿಕೊಂಡ. 1502ರಲ್ಲಿ ಮತ್ತೆ ಬಂದಾಗ ಭಟ್ಕಳದ ಮೇಲೆ ದಾಳಿ ಮಾಡಿ ಅಕ್ಕಿಯ ಕಪ್ಪ ವಿಧಿಸಿದ. ಟೆಂಪ್ಲರರ ಆಸ್ತಿ ಹೊತ್ತ ಹಡಗುಗಳಿಗಾಗಿ ಜನ ಅಟ್ಲಾಂಟಿಕ್ಕಿನಲ್ಲಿ ಹುಡುಕುತ್ತಿದ್ದಾರೆ. ಆ ಹೆಸರಿಗೆ ಸ್ವಲ್ಪವಾದರೂ ತಕ್ಕ ಹಡಗುಗಳನ್ನು ನಮ್ಮ ಉತ್ತರ ಕನ್ನಡದ ಮೀನುಗಾರರು ಕಂಡಿದ್ದಾರೆ.

ಉಪನ್ಯಾಸ ಮುಗಿದ ಮೇಲೆ ಸಭಿಕರೊಬ್ಬರು ಕೇಳಿದರು: “ಹಾಗಾದರೆ ಟೆಂಪ್ಲರರ ಸಂಪತ್ತಿನಲ್ಲಿ ಇವತ್ತು ಕಣ್ಣಿಗೆ ಕಾಣುವಂಥದ್ದು ಏನೂ ಇಲ್ಲವೇ, ಸರ್?”

ಇದೆ. ಪ್ಯಾರಿಸ್ಸಿನ ಟೆಂಪ್ಲರ್ ಗೋಪುರವನ್ನು 1808ರಲ್ಲಿ ಕೆಡವಿದರು, ಈಗ ಅಲ್ಲಿ ಉದ್ಯಾನವಿದೆ. ಲಂಡನ್ನಿನಲ್ಲಿ ಹಾಗಾಗಲಿಲ್ಲ. 1185ರಲ್ಲಿ ಪ್ರತಿಷ್ಠಾಪನೆಯಾದ ಟೆಂಪ್ಲರರ ದುಂಡನೆಯ ಚರ್ಚು ಅಲ್ಲಿ ನಿಂತಿದೆ. ಸುತ್ತಲಿನ ಜಾಗ ಹಾಸ್ಪಿಟಲರರ ಕೈಗೆ ಬಂದು, ಅವರಿಂದ ವಕೀಲರು ಬಾಡಿಗೆಗೆ ಹಿಡಿದರು. ಅದೇ ಮುಂದೆ ಇನ್ನರ್ ಟೆಂಪಲ್, ಮಿಡಲ್ ಟೆಂಪಲ್ ಎಂಬ ಎರಡು ವಕೀಲರ ಸಂಸ್ಥೆಗಳಾದವು. 1891ರ ಜೂನ್‌ನಲ್ಲಿ ಮೋಹನದಾಸ ಕರಮಚಂದ ಗಾಂಧಿ ಬ್ಯಾರಿಸ್ಟರ್ ಆದದ್ದು ಇನ್ನರ್ ಟೆಂಪಲ್ಲಿನಲ್ಲಿ. 1608ರಲ್ಲಿ ಅರಸ ಮೊದಲನೇ ಜೇಮ್ಸ್ ಆ ಜಾಗವನ್ನು ವಕೀಲರಿಗೆ ಶಾಶ್ವತವಾಗಿ ಬರೆದುಕೊಟ್ಟಾಗ ಒಂದು ಷರತ್ತು ಹಾಕಿದ. ಅದರಂತೆ ಟೆಂಪ್ಲರರ ಚರ್ಚಿನ ನಿರ್ವಹಣೆಯ ಹೊಣೆ ಇವತ್ತಿಗೂ ಆ ಎರಡು ವಕೀಲರ ಸಂಸ್ಥೆಗಳ ಮೇಲೆಯೇ ಇದೆ.